ಪೋ ನದಿಯ ದಂಡೆಯ ಖಾನಾವಳಿ

ಲಾರಿಯ ಮುಂಗಾಜಿನ ಆಚೆ ರಸ್ತೆ ಓಡುತ್ತಿದೆ. ಪಕ್ಕದಲ್ಲೇ ನದಿ. ನಟರ, ತಂತ್ರಜ್ಞರ ಹೆಸರುಗಳೆಲ್ಲ ಆ ರಸ್ತೆಯ ಮೇಲೆಯೇ ಮೂಡಿ ಮರೆಯಾಗುತ್ತವೆ. ಪೆಟ್ರೋಲ್ ಪಂಪ್ ಇರುವ ಒಂದು ಖಾನಾವಳಿಯ ಮುಂದೆ ಲಾರಿ ನಿಲ್ಲುತ್ತದೆ. ಹಿಂದೆ ಕದ್ದು ಮಲಗಿದ್ದ ಒಬ್ಬನನ್ನು ಎಬ್ಬಿಸಿ ಕೆಳಗಿಳಿಸುತ್ತಾರೆ. ಮಾಸಿದ ಬನಿಯನ್ನು, ಸವೆದ ಬೂಟು, ಅಗಲವಾದ ಬೆನ್ನು, ಇಷ್ಟೇ ನಮಗೆ ಕಾಣುವುದು. ಒಳಗೆಲ್ಲೋ ಹೆಂಗಸೊಬ್ಬಳು ಹಾಡಿಕೊಳ್ಳುತ್ತಿದ್ದಾಳೆ. ಅವನು ಆ ದನಿಯ ಜಾಡು ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುತ್ತಾನೆ. ಮೇಜಿನ ಮೇಲೆ ಕುಳಿತವಳ ತೂಗಾಡುವ ಕಾಲುಗಳು ಮೊದಲು ಕಣ್ಣಿಗೆ ಬೀಳುತ್ತವೆ. ಅವಳು ತಲೆಯೆತ್ತಿ ನೋಡಿದ ಮೇಲೆಯೇ ಅವನ ಮುಖ ನಮಗೆ ಕಾಣುವುದು. ಚಿತ್ರದ ನಾಯಕನನ್ನು ಇಷ್ಟು ಹೊತ್ತು ಮುಚ್ಚಿಟ್ಟು, ನಾಯಕಿಯ ಆಸೆಗಣ್ಣಿನ ಮೂಲಕವೇ ನಮಗೆ ತೋರಿಸುವ ಧೈರ್ಯ ಆ ಕಾಲದ ಇಟಲಿಯ ಸಿನಿಮಾದಲ್ಲಿ ಬೇರೆ ಯಾರಿಗಿತ್ತೋ ನಾನರಿಯೆ.

ಲುಕಿನೊ ವಿಸ್ಕೊಂಟಿಯ ಮೊದಲ ಚಿತ್ರ 'ಒಸ್ಸೆಸ್ಸಿಯೊನೆ' ಹೀಗೆ ತೆರೆದುಕೊಳ್ಳುತ್ತದೆ. ರೋಮಿನಲ್ಲಿ ಅದು ಮೊದಲು ಪ್ರದರ್ಶನಗೊಂಡದ್ದು 1943ರ ಮೇ ತಿಂಗಳಲ್ಲಿ, ಮುಸೊಲಿನಿ ಅಧಿಕಾರ ಕಳೆದುಕೊಳ್ಳುವುದಕ್ಕೆ ಸುಮಾರು ಎರಡು ತಿಂಗಳ ಮೊದಲು.

ಇಟಲಿಯ ಸಿನಿಮಾದಲ್ಲಿ ನವವಾಸ್ತವವಾದ ಎಂದು ಹೆಸರಾದ ಪಂಥದ ಕತೆಯನ್ನು ಸಾಮಾನ್ಯವಾಗಿ 1945ರಿಂದ, ನಿರ್ದೇಶಕ ರೊಸೆಲ್ಲಿನಿಯ 'ರೋಮ್, ಓಪನ್ ಸಿಟಿ'ಯಿಂದ ಹೇಳಲು ಶುರು ಮಾಡುತ್ತಾರೆ. ಯುದ್ಧ ಮುಗಿದಿತ್ತು, ಸ್ಟುಡಿಯೋಗಳು ಹಾಳುಬಿದ್ದಿದ್ದವು, ಕೈಯಲ್ಲಿ ಕಾಸಿರಲಿಲ್ಲ, ಹಾಗಾಗಿ ಕ್ಯಾಮೆರಾ ಬೀದಿಗಿಳಿಯಿತು, ದಾರಿಹೋಕರೇ ನಟರಾದರು. ಕೇಳಲು ಹಿತವಾದ ಕತೆ ಇದು. ಆ ದೇಶಕ್ಕೂ ಅನುಕೂಲವಾದ ಕತೆ. ಫ್ಯಾಸಿಸಂ ಸತ್ತು ಸೂತಕ ಕಳೆದ ಮೇಲೆ ಮಡಿಯಲ್ಲಿ ಹುಟ್ಟಿದ ಸಿನಿಮಾ ಎಂದು ಹೇಳಿಕೊಳ್ಳಬಹುದಲ್ಲ. 'ಒಸ್ಸೆಸ್ಸಿಯೊನೆ' ಆ ಮಡಿಯನ್ನು ಕೆಡಿಸುತ್ತದೆ. ಇದು ಫ್ಯಾಸಿಸ್ಟ್ ಆಳ್ವಿಕೆಯ ಒಳಗೇ, ಅದರ ಸೆನ್ಸಾರಿನ ಮೂಗಿನ ಕೆಳಗೇ ತಯಾರಾದ ಚಿತ್ರ. ಇದರಲ್ಲಿ ನಟಿಸಿದವರು ಹೆಸರಾಂತ ತಾರೆಯರು. ಕತೆ ಅಮೆರಿಕದ ಅಗ್ಗದ ಪತ್ತೇದಾರಿ ಓದುಗರಿಗೂ ಪ್ರಿಯವಾದ ಒಂದು ಕೊಲೆಯ ಕಾದಂಬರಿಯದು. ನಿರ್ದೇಶಕನೋ ಮಿಲಾನಿನ ಹಳೆಯ ಶ್ರೀಮಂತ ವಂಶದ ಕುಡಿ, ಮೂವತ್ತರ ಹತ್ತಿರ ಬರುವವರೆಗೂ ರೇಸ್ ಕುದುರೆಗಳನ್ನು ಸಾಕಿಕೊಂಡಿದ್ದವನು. ವಾಸ್ತವವಾದದ ಜಾತಕಕ್ಕೆ ಇದರಲ್ಲಿ ಒಂದು ಗ್ರಹವೂ ಕೂಡಿಬರುವುದಿಲ್ಲ.

ಕೂಡಿಬರದ ಈ ಗ್ರಹಗಳಲ್ಲೇ ನನಗೆ ಆಸಕ್ತಿ.

ಆ ಕಾಲದ ಇಟಲಿಯ ಚಿತ್ರಗಳನ್ನು ನೆನೆಯಿರಿ. 1937ರಲ್ಲಿ ರೋಮಿನ ಹೊರವಲಯದಲ್ಲಿ ಚಿನೆಚಿತ್ತಾ ಸ್ಟುಡಿಯೋ ಉದ್ಘಾಟನೆಯಾಯಿತು. ಅಲ್ಲಿಂದ ಹೊರಬೀಳುತ್ತಿದ್ದ ಹಗುರ ಹಾಸ್ಯಚಿತ್ರಗಳಿಗೆ ಆಮೇಲೆ 'ಬಿಳಿ ಟೆಲಿಫೋನ್ ಚಿತ್ರಗಳು' ಎಂಬ ಅಡ್ಡಹೆಸರು ಬಂತು. ಹೊಳೆಯುವ ನೆಲ, ರೇಷ್ಮೆಯ ನಿಲುವಂಗಿ, ಮಂಚದ ಪಕ್ಕದಲ್ಲಿ ಬಿಳಿ ಟೆಲಿಫೋನು. ಇವುಗಳಲ್ಲಿ ಹಲವು ಹಂಗೇರಿಯ ನಾಟಕಗಳನ್ನು ಆಧರಿಸಿದ್ದವು, ಕತೆ ನಡೆಯುವುದೂ ಬುಡಾಪೆಸ್ಟಿನಲ್ಲೇ. ಅದಕ್ಕೊಂದು ಕಾರಣವಿತ್ತು. ಹಾದರ, ವಿಚ್ಛೇದನದಂತಹ ಸಂಗತಿಗಳನ್ನು ಇಟಲಿಯ ಮನೆಯೊಳಗೆ ತೋರಿಸುವುದು ಕಷ್ಟ, ಹಂಗೇರಿಯ ಮನೆಯೊಳಗಾದರೆ ಅಡ್ಡಿಯಿಲ್ಲ. ಪತ್ರಿಕೆಗಳಿಗೂ ಇದೇ ಪಾಠ. ಕೊಲೆ, ಆತ್ಮಹತ್ಯೆಯ ಸುದ್ದಿಗಳನ್ನು ದೊಡ್ಡದು ಮಾಡಬಾರದೆಂದು ಸಂಪಾದಕರಿಗೆ ಮೇಲಿನಿಂದ ಸೂಚನೆ ಹೋಗುತ್ತಿತ್ತು. ದೇಶ ಸುಖವಾಗಿದೆ, ಪಾಪ ಏನಿದ್ದರೂ ಗಡಿಯಾಚೆ.

ಇಂತಹ ಕಾಲದಲ್ಲಿ ವಿಸ್ಕೊಂಟಿ ಮಾಡಿದ್ದು ಸರಳವಾದ ಕೆಲಸ. ಪಾಪಕ್ಕೆ ಸ್ವಂತ ಊರಿನ ವಿಳಾಸ ಕೊಟ್ಟ. ಫೆರಾರಾ, ಅಂಕೋನಾ, ಪೋ ನದಿಯ ದಂಡೆ. ಭೂಪಟದಲ್ಲಿ ಬೆರಳಿಟ್ಟು ತೋರಿಸಬಹುದಾದ ಊರುಗಳು, ಅಲ್ಲಿ ಬೆವರು ಸುರಿಸುವ, ಹೊಟ್ಟೆ ಹೊರೆಯುವ, ಒಬ್ಬರನ್ನೊಬ್ಬರು ಬಯಸುವ ಜನ. ವಾಸ್ತವವಾದದ ಬೇರು ಬಡತನದಲ್ಲಿದೆ, ನಟನೆ ಗೊತ್ತಿಲ್ಲದ ನಟರಲ್ಲಿದೆ ಎನ್ನುವವರ ಜೊತೆ ನನ್ನ ತಕರಾರು ಇಷ್ಟೇ. ಅದರ ಮೊದಲ ಬೇರು ಈ ವಿಳಾಸದಲ್ಲಿದೆ.

ವಿಸ್ಕೊಂಟಿ ಇಲ್ಲಿಗೆ ತಲುಪಿದ ದಾರಿ ಪ್ಯಾರಿಸ್ಸಿನ ಮೇಲಿಂದ ಹಾದುಬಂತು. ಫ್ಯಾಷನ್ ಲೋಕದ ಕೊಕೊ ಶನೆಲ್ ಅವನನ್ನು ಫ್ರಾನ್ಸಿನ ನಿರ್ದೇಶಕ ಜಾಂ ರೆನ್ವಾರ್‌ಗೆ ಪರಿಚಯಿಸಿದಳು. 1936ರಲ್ಲಿ ಅವನು ರೆನ್ವಾರ್‌ನ ಸಹಾಯಕರ ಸಾಲಿನಲ್ಲಿ ಕೊನೆಯವನಾಗಿ ದುಡಿದ. ರೆನ್ವಾರ್ ಸುತ್ತಲಿನವರು ಬಹುಪಾಲು ಎಡಪಂಥೀಯರು, ಬಂದವನು ಫ್ಯಾಸಿಸ್ಟ್ ದೇಶದ ಶ್ರೀಮಂತರ ಮಗ. ಅಲ್ಲಿ ಅವನ ರಾಜಕೀಯವೂ ತಿರುವು ಪಡೆಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ರೆನ್ವಾರ್ 'ತೊನಿ' ಎಂಬ ಚಿತ್ರ ಮಾಡಿದ್ದ. ದಕ್ಷಿಣ ಫ್ರಾನ್ಸಿನ ಮಾರ್ತಿಗ್ ಪ್ರದೇಶ, ಕಲ್ಲುಕ್ವಾರಿ, ಹೊಟ್ಟೆಪಾಡಿಗೆ ಇಟಲಿಯಿಂದ, ಸ್ಪೇನಿನಿಂದ ಬಂದ ಕೂಲಿಗಳು, ಅವರ ನಡುವೆ ಒಂದು ಪ್ರೇಮ, ಒಂದು ಕೊಲೆ. ಪೊಲೀಸ್ ಕಡತದಲ್ಲಿದ್ದ ನಿಜ ಪ್ರಕರಣವೊಂದರಿಂದ ಎತ್ತಿಕೊಂಡ ಕತೆ. ಅಮೆರಿಕದ ಲೇಖಕ ಜೇಮ್ಸ್ ಎಂ. ಕೇನ್‌ನ 'ದಿ ಪೋಸ್ಟ್‌ಮನ್ ಆಲ್ವೇಸ್ ರಿಂಗ್ಸ್ ಟ್ವೈಸ್' ಕಾದಂಬರಿಯ ಫ್ರೆಂಚ್ ಅನುವಾದವನ್ನು ವಿಸ್ಕೊಂಟಿಯ ಕೈಗಿತ್ತವನೂ ಇದೇ ರೆನ್ವಾರ್. ಆ ಕಾದಂಬರಿಯ ಹಿಂದೆಯೂ 1927ರಲ್ಲಿ ನ್ಯೂಯಾರ್ಕಿನಲ್ಲಿ ಗಂಡನನ್ನು ಪ್ರಿಯಕರನ ಜೊತೆಗೂಡಿ ಕೊಂದವಳೊಬ್ಬಳ ಪ್ರಕರಣದ ನೆರಳಿದೆ. ವಾಸ್ತವವಾದದ ಮೂಲ ಹುಡುಕುತ್ತಾ ಹೊರಟರೆ ಬೀದಿಗಿಂತ ಮೊದಲು ಪೊಲೀಸ್ ಠಾಣೆ ಸಿಗುತ್ತದೆ!

ಆದರೆ ವಿಸ್ಕೊಂಟಿ ಮೊದಲು ಮಾಡಬಯಸಿದ್ದು ಕೇನ್‌ನ ಕತೆಯನ್ನಲ್ಲ. ರೋಮಿನಲ್ಲಿ 'ಚಿನೆಮಾ' ಎಂಬ ಪತ್ರಿಕೆಯೊಂದಿತ್ತು. ಅದರ ಸಂಪಾದಕ ವಿತ್ತೋರಿಯೊ ಮುಸೊಲಿನಿ, ಸಾಕ್ಷಾತ್ ಸರ್ವಾಧಿಕಾರಿಯ ಮಗ. ಅವನ ಸೂರಿನಡಿಯಲ್ಲೇ ಬರೆಯುತ್ತಿದ್ದ ತರುಣರಲ್ಲಿ ಹಲವರು ಗುಟ್ಟಾಗಿ ಕಮ್ಯುನಿಸ್ಟರು: ಜುಸೆಪ್ಪೆ ದೆ ಸಾಂತಿಸ್, ಮಾರಿಯೊ ಅಲಿಕಾತಾ, ಜಾನ್ನಿ ಪುಚ್ಚೀನಿ. ಸಂಪಾದಕನಿಗೆ ಇದು ಎಷ್ಟು ಗೊತ್ತಿತ್ತು, ಎಷ್ಟಕ್ಕೆ ಕಣ್ಣು ಮುಚ್ಚಿದ್ದ ಎಂದು ಯೋಚಿಸುವುದೇ ಒಂದು ಕಾದಂಬರಿಯಾದೀತು. 1941ರಲ್ಲಿ ದೆ ಸಾಂತಿಸ್ ಮತ್ತು ಅಲಿಕಾತಾ ಅಲ್ಲೊಂದು ಲೇಖನ ಬರೆದು, ಇಟಲಿಯ ಸಿನಿಮಾ ತನ್ನ ದಾರಿಯನ್ನು ಸಿಸಿಲಿಯ ಕತೆಗಾರ ಜೋವಾನ್ನಿ ವೆರ್ಗಾನಲ್ಲಿ ಹುಡುಕಬೇಕು ಎಂದರು. ಮೀನುಗಾರರು, ಗಣಿ ಕೂಲಿಗಳು, ಸಾಲದಲ್ಲಿ ಮುಳುಗಿದ ರೈತರು ವೆರ್ಗಾನ ಲೋಕ. ಅದೇ ವರ್ಷ ವಿಸ್ಕೊಂಟಿ ಅದೇ ಪತ್ರಿಕೆಯಲ್ಲಿ 'ಹೆಣಗಳು' ಎಂಬ ತಲೆಬರಹದಡಿ ಹಳೆಯ ಚಿತ್ರೋದ್ಯಮಿಗಳನ್ನು ಝಾಡಿಸಿದ. ಮೂವತ್ತೈದರ ಹತ್ತಿರದ ವಯಸ್ಸು, ಸ್ವಂತದ್ದೆಂದು ಒಂದು ಚಿತ್ರವೂ ಇಲ್ಲ, ಕೊಬ್ಬು ಮಾತ್ರ ಧಾರಾಳ.

ವೆರ್ಗಾನ ಕತೆಯೊಂದನ್ನು ಚಿತ್ರಕತೆ ಮಾಡಿ ಸೆನ್ಸಾರಿಗೆ ಕೊಟ್ಟರು. ದರೋಡೆಕೋರನ ಹಿಂದೆ ಮನೆ ಬಿಟ್ಟು ಹೋಗುವ ಹುಡುಗಿಯ ಕತೆ ಅದು. ಸಂಸ್ಕೃತಿ ಖಾತೆಯ ಸಚಿವ ಪವೊಲೀನಿ 'ಸಾಕು ಈ ದರೋಡೆಕೋರರ ಸಹವಾಸ' ಎಂಬರ್ಥದ ಷರಾ ಗೀಚಿ ತಿರಸ್ಕರಿಸಿದನಂತೆ. ಆಗ ವಿಸ್ಕೊಂಟಿಗೆ ಪೆಟ್ಟಿಗೆಯಲ್ಲಿದ್ದ ಕೇನ್ ನೆನಪಾದ. ಅದಕ್ಕೆ ಅನುಮತಿ ಸಿಕ್ಕಿತು. ಕೇನ್‌ನ ಅನುಮತಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಯುದ್ಧಕಾಲ, ಅಮೆರಿಕ ಶತ್ರುದೇಶ, ಹಕ್ಕುಗಳನ್ನು ಕೊಳ್ಳುವ ಮಾತೇ ಇರಲಿಲ್ಲ. ಅಮ್ಮನ ಒಡವೆಗಳನ್ನು ಮಾರಿ ವಿಸ್ಕೊಂಟಿ ಚಿತ್ರಕ್ಕೆ ಹಣ ಸುರಿದನೆಂಬ ಮಾತೂ ಇದೆ. 1942ರ ಬೇಸಿಗೆಯಲ್ಲಿ ಫೆರಾರಾದ ಸುತ್ತಮುತ್ತ ಚಿತ್ರೀಕರಣ ಶುರುವಾಯಿತು.

ಕತೆ ಗೊತ್ತಿಲ್ಲದವರಿಗೆ ಎರಡು ಸಾಲು. ಅಲೆಮಾರಿ ಜಿನೊ ಖಾನಾವಳಿಗೆ ಬರುತ್ತಾನೆ, ಯಜಮಾನ ಬ್ರಗಾನಾನ ಹೆಂಡತಿ ಜೊವಾನ್ನಾಳನ್ನು ಕೂಡುತ್ತಾನೆ, ಇಬ್ಬರೂ ಸೇರಿ ಬ್ರಗಾನಾನನ್ನು ಕಾರು ಅಪಘಾತದ ನೆಪದಲ್ಲಿ ಮುಗಿಸುತ್ತಾರೆ, ಆಮೇಲೆ ಇಬ್ಬರೂ ಮುಗಿಯುತ್ತಾರೆ. ಕೇನ್ ಇದನ್ನು ಗಲ್ಲಿನ ಹೊಸ್ತಿಲಲ್ಲಿ ನಿಂತವನ ಬಾಯಲ್ಲಿ, ಉಸಿರು ಬಿಡಲು ಪುರುಸೊತ್ತು ಕೊಡದೆ ಹೇಳಿಸಿದ್ದ. ವಕೀಲರ ಆಟ, ನ್ಯಾಯಾಲಯದ ತಿರುವುಗಳೆಲ್ಲ ಅಲ್ಲಿವೆ. ವಿಸ್ಕೊಂಟಿ ಅವನ್ನೆಲ್ಲ ಕಿತ್ತೆಸೆದ. ಕೊಲೆಯನ್ನೂ ತೋರಿಸುವುದಿಲ್ಲ. ದಾರಿಯಲ್ಲಿ ಜಿನೊ ಚಾಲಕನ ಜಾಗಕ್ಕೆ ಬರುತ್ತಾನೆ, ಮುಂದಿನ ದೃಶ್ಯದಲ್ಲಿ ಪೊಲೀಸರು ನಿಂತಿದ್ದಾರೆ. ಕೊಲೆಯ ಕತೆಯೊಂದರಿಂದ ಕೊಲೆಯನ್ನೇ ತೆಗೆದು, ಉಳಿದ ಸಮಯವನ್ನು ಅವನು ಯಾವುದಕ್ಕೆ ಖರ್ಚು ಮಾಡಿದ ಎಂಬುದನ್ನು ನೋಡಬೇಕು.

ಅಡುಗೆಮನೆಗೆ ಖರ್ಚು ಮಾಡಿದ. ಗಂಡ ಸತ್ತ ಮೇಲೆ ಜಿನೊ, ಜೊವಾನ್ನಾ ಇಬ್ಬರೂ ಅದೇ ಖಾನಾವಳಿಯನ್ನು ನಡೆಸುತ್ತಿದ್ದಾರೆ. ಒಂದು ದಿನ ವಾದ್ಯದವರನ್ನು ಕರೆಸಿ ದೊಡ್ಡ ಗಿರಾಕಿ ಸೇರಿಸುತ್ತಾಳೆ ಜೊವಾನ್ನಾ, ಅಂಗಳದ ತುಂಬ ಜನ, ಕುಣಿತ, ಧೂಳು. ರಾತ್ರಿ ಎಲ್ಲರೂ ಹೋದ ಮೇಲೆ ಅವಳು ಒಬ್ಬಳೇ ಅಡುಗೆಮನೆಗೆ ಬರುತ್ತಾಳೆ. ಎಲ್ಲೆಲ್ಲೂ ಮುಸುರೆ ತಟ್ಟೆಗಳು, ಖಾಲಿ ಸೀಸೆಗಳು. ಒಂದು ಬಟ್ಟಲಿಗೆ ಉಳಿದದ್ದನ್ನು ಬಡಿಸಿಕೊಂಡು ಮೇಜಿನ ಮೂಲೆಯಲ್ಲಿ ಜಾಗ ಮಾಡಿಕೊಂಡು ಕೂರುತ್ತಾಳೆ. ಪತ್ರಿಕೆ ಬಿಡಿಸುತ್ತಾಳೆ. ಒಂದೆರಡು ತುತ್ತು ತಿನ್ನುತ್ತಾಳೆ. ರೆಪ್ಪೆ ಬಾಡುತ್ತದೆ, ಮೈ ಕುಸಿಯುತ್ತದೆ, ಪತ್ರಿಕೆಯ ಮುಂದೆಯೇ ನಿದ್ದೆ ಹೋಗುತ್ತಾಳೆ. ಕ್ಯಾಮೆರಾ ಸ್ವಲ್ಪ ದೂರದಲ್ಲಿ ನಿಂತು ಎಲ್ಲವನ್ನೂ ನೋಡುತ್ತದೆ, ಹತ್ತಿರ ಧಾವಿಸಿ ಬರುವುದಿಲ್ಲ.

ಕತೆಗೆ ಈ ದೃಶ್ಯದಿಂದ ಏನೂ ಲಾಭವಿಲ್ಲ. ಯಾವ ಸಂಕಲನಕಾರನೂ ಧೈರ್ಯವಾಗಿ ಕತ್ತರಿಸಬಹುದಿತ್ತು. ಅದನ್ನು ಬಿಟ್ಟರೆ ಮಾತ್ರ ಆ ಹೆಂಗಸಿನ ಬಗ್ಗೆ ನಮಗೆ ಗೊತ್ತಾಗುವುದು ತೀರಾ ಕಡಿಮೆ. ಗಂಡನನ್ನು ಕೊಲ್ಲಿಸಿ ಅವಳು ಗಳಿಸಿದ್ದು ಏನು? ಇನ್ನಷ್ಟು ತಟ್ಟೆಗಳು. ಮೊದಲು ಒಬ್ಬ ಗಂಡಸಿಗೆ ಬೇಯಿಸುತ್ತಿದ್ದಳು, ಈಗ ಇನ್ನೊಬ್ಬನಿಗೆ. ಪಾಪ ಮಾಡಿದವಳ ಪಶ್ಚಾತ್ತಾಪವನ್ನು ತೋರಿಸಲು ಬೇರೆ ಯಾರಾದರೂ ಕನ್ನಡಿಯನ್ನೋ ಗುಡುಗು ಮಳೆಯನ್ನೋ ತರುತ್ತಿದ್ದರು. ವಿಸ್ಕೊಂಟಿ ತಂದದ್ದು ದಣಿವನ್ನು. ದಣಿದ ಮೈಗೆ ನೀತಿ ಅನೀತಿ ಎರಡೂ ಭಾರ. 1952ರಲ್ಲಿ ಇಟಲಿಯ ಇನ್ನೊಬ್ಬ ನಿರ್ದೇಶಕ ದೆ ಸೀಕಾನ 'ಉಂಬೆರ್ತೊ ಡಿ.' ಚಿತ್ರದಲ್ಲಿ ಮನೆಗೆಲಸದ ಹುಡುಗಿ ಬೆಳಗ್ಗೆ ಎದ್ದು ಕಾಫಿ ಮಾಡುವ ದೃಶ್ಯ ಬಂತು. ಫ್ರಾನ್ಸಿನ ವಿಮರ್ಶಕ ಆಂದ್ರೆ ಬಾಜಾನ್ ಅದನ್ನು ಮೆಚ್ಚಿ ಬರೆದ ಮೇಲೆ ಅದು ಪಠ್ಯದ ಭಾಗವೇ ಆಗಿಹೋಯಿತು. ಒಳ್ಳೆಯದೇ. ಆದರೆ ಒಂಬತ್ತು ವರ್ಷ ಮೊದಲೇ ಪೋ ದಂಡೆಯ ಅಡುಗೆಮನೆಯಲ್ಲಿ ಈ ಒಲೆ ಹೊತ್ತಿತ್ತು ಎಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಜೊವಾನ್ನಾಳಾಗಿ ನಟಿಸಿದ ಕ್ಲಾರಾ ಕಲಮಾಯಿ ಆಗಿನ ಗ್ಲಾಮರ್ ತಾರೆ. ಮೊದಲು ಆ ಪಾತ್ರಕ್ಕೆ ಗೊತ್ತಾಗಿದ್ದವಳು ಆನ್ನಾ ಮಾನ್ಯಾನಿ, ಆಕೆ ಗರ್ಭಿಣಿಯಾಗಿದ್ದುದರಿಂದ ಬಿಟ್ಟುಕೊಡಬೇಕಾಯಿತು. ಮಾನ್ಯಾನಿ ಮಾಡಿದ್ದರೆ ಬೇರೆಯೇ ಚಿತ್ರವಾಗುತ್ತಿತ್ತು, ಬಹುಶಃ ಇನ್ನೂ ಬಿಸಿಯಾದ ಚಿತ್ರ. ಆದರೂ ನನಗೆ ಕಲಮಾಯಿಯೇ ಸರಿ. ಸಿಂಗರಿಸಿಕೊಂಡೇ ಅಭ್ಯಾಸವಾದ ಮುಖದಿಂದ ಸಿಂಗಾರ ಕಿತ್ತರೆ ಉಳಿಯುವ ಒಂದು ಬಗೆಯ ಬೋಳು ಜೊವಾನ್ನಾಳಿಗೆ ಬೇಕಾಗಿತ್ತು. ಮದುವೆಗೆ ಮೊದಲು ಗಂಡಸರು ಕೊಡಿಸುವ ರಾತ್ರಿಯೂಟವೇ ತನಗೆ ಆಸರೆಯಾಗಿತ್ತು ಎಂದು ಅವಳು ಜಿನೊನಿಗೆ ಹೇಳುವಾಗ, ಆ ಬೋಳು ಮುಖವೇ ಅರ್ಧ ಮಾತನ್ನು ಹೇಳಿಬಿಡುತ್ತದೆ.

ಆ ಮಾತಿಗೆ ಒಂದು ಫಲವೂ ಇದೆ. ಮೊದಲಿಗೆ ಕೊಲೆಯ ಯೋಚನೆ ಬಿಟ್ಟು ಇಬ್ಬರೂ ಓಡಿಹೋಗಲು ಹೊರಡುತ್ತಾರೆ. ಜಿನೊ ಮುಂದೆ ಸರಸರ ನಡೆಯುತ್ತಾನೆ, ಜೊವಾನ್ನಾ ಹಿಂದೆ ಧೂಳಿನಲ್ಲಿ ಗಂಟು ಹೊತ್ತು. ಸ್ವಲ್ಪ ದೂರ ಹೋಗುವುದರೊಳಗೆ ಅವಳ ಕಾಲು ಸೋಲುತ್ತದೆ. ಬರಲಾರೆ ಎನ್ನುತ್ತಾಳೆ, ವಾಪಸು ಹೋಗುತ್ತಾಳೆ. ಹಸಿವು ಏನೆಂದು ಬಲ್ಲವಳಿಗೆ ದಾರಿಯ ಸ್ವಾತಂತ್ರ್ಯ ಬೇಡ, ಬಾಗಿಲಿರುವ ಮನೆ ಬೇಕು. ಮುಂದೆ ನಡೆಯುವ ಕೊಲೆಯ ಬೀಜ ಬಿದ್ದದ್ದು ಹಾಸಿಗೆಯಲ್ಲಲ್ಲ, ಈ ಧೂಳಿನಲ್ಲಿ. ಬಡತನದ ಬಗ್ಗೆ ಒಂದು ಘೋಷಣೆಯೂ ಇಲ್ಲದ ಚಿತ್ರವಿದು, ಆದರೆ ದುಡ್ಡು ಮನುಷ್ಯನನ್ನು ಹೇಗೆ ಕಟ್ಟಿಹಾಕುತ್ತದೆ ಎಂದು ಇದರಷ್ಟು ಸ್ಪಷ್ಟವಾಗಿ ಹೇಳಿದ ಚಿತ್ರಗಳು ಕಡಿಮೆ.

ಜಿನೊ ಒಬ್ಬನೇ ರೈಲು ಹತ್ತುತ್ತಾನೆ, ಟಿಕೆಟ್ಟಿಗೆ ಕಾಸಿಲ್ಲ. ಪಕ್ಕದಲ್ಲಿದ್ದವನೊಬ್ಬ ಅವನ ಟಿಕೆಟ್ಟಿನ ಹಣ ಕೊಡುತ್ತಾನೆ. ಜಾತ್ರೆಗಳಲ್ಲಿ ಚಿಲ್ಲರೆ ವ್ಯಾಪಾರ ಮಾಡುವ ಇವನನ್ನು ಎಲ್ಲರೂ 'ಸ್ಪೇನಿನವ' ಎನ್ನುತ್ತಾರೆ. ಕೇನ್‌ನ ಕಾದಂಬರಿಯಲ್ಲಿ ಇಲ್ಲದ ಪಾತ್ರ. ಚಿತ್ರಕತೆ ಬರೆದ 'ಚಿನೆಮಾ' ಪತ್ರಿಕೆಯ ಕಮ್ಯುನಿಸ್ಟ್ ತರುಣರ ಮನಸ್ಸಿನಲ್ಲಿ ಇವನು ಶ್ರಮಿಕರ ಸ್ನೇಹದ ಪ್ರತಿನಿಧಿ; ಹೆಂಗಸು, ಮನೆ, ದುಡ್ಡಿನ ಬಲೆಯಿಂದ ಜಿನೊನನ್ನು ಬಿಡಿಸಲು ಬಂದವನು. ತೆರೆಯ ಮೇಲೆ ಆದದ್ದೇ ಬೇರೆ. ಬಾಡಿಗೆ ಕೋಣೆಯಲ್ಲಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದ್ದಾಗ ಸ್ಪೇನಿನವ ಕಡ್ಡಿ ಗೀರಿ ನಿದ್ದೆಹೋದ ಜಿನೊನ ಮೈಯನ್ನು ಒಂದು ಕ್ಷಣ ನೋಡುತ್ತಾನೆ. ಸಿದ್ಧಾಂತ ಅಲ್ಲಿಗೆ ಆರಿಹೋಗಿ, ಒಂಟಿ ಮನುಷ್ಯನ ಬಯಕೆ ಉಳಿಯುತ್ತದೆ. ಸೆನ್ಸಾರಿನವರ ಕಣ್ಣಿಗೆ ಇದು ಬಿತ್ತೋ ಇಲ್ಲವೋ. ಚಿತ್ರಕತೆ ಬರೆದವರಿಗಿಂತ ಚಿತ್ರ ತೆಗೆದವನು ಪ್ರಾಮಾಣಿಕನಾಗಿದ್ದ ಎಂದು ನನ್ನ ಎಣಿಕೆ.

ಕೊರತೆಗಳೂ ಇವೆ. ಎರಡು ಗಂಟೆ ದಾಟುವ ಚಿತ್ರ ಕೊಲೆಯ ನಂತರ ಎಳೆಯುತ್ತದೆ. ಅಂತ್ಯದ ಕಾರು ಅಪಘಾತ ಕೇನ್‌ನಲ್ಲಿ ವಿಧಿಯ ಕ್ರೂರ ಹಾಸ್ಯದಂತಿತ್ತು, ಇಲ್ಲಿ ಅದು ನಿರ್ದೇಶಕನಿಗೆ ಬೇರೆ ದಾರಿ ಕಾಣದೆ ತಂದಂತಿದೆ. ಸಂಗೀತವಂತೂ ಕೆಲವೆಡೆ ಕಿವಿಗೆ ಬಡಿಯುತ್ತದೆ. ಆದರೆ ಅಂಕೋನಾದ ಹಾಡುವ ಸ್ಪರ್ಧೆಯಲ್ಲಿ ಡೊಳ್ಳುಹೊಟ್ಟೆಯ ಬ್ರಗಾನಾ ವೆರ್ದಿಯ 'ಲಾ ತ್ರಾವಿಯಾತಾ' ಒಪೆರಾದ ಹಾಡನ್ನು ಹಾಡುವಾಗ, ಕೇಳುಗರ ನಡುವೆ ಅವನ ಹೆಂಡತಿ, ಅವಳ ಪ್ರಿಯಕರ ಮತ್ತೆ ಸಂಧಿಸಿ ಪಿಸುಗುಟ್ಟುವುದಿದೆಯಲ್ಲ, ಅಂತಹ ದೃಶ್ಯವನ್ನು ಒಪೆರಾ ರಕ್ತದಲ್ಲಿ ಹರಿಯುವವನು ಮಾತ್ರ ಕಟ್ಟಬಲ್ಲ. ಕೊಲೆಯಾಗಲಿರುವ ಗಂಡ ಇಲ್ಲಿ ರಾಕ್ಷಸನಲ್ಲ. ಜಿಪುಣ, ಒರಟ, ಬಾಯಿಬಡುಕ, ಜೊತೆಗೆ ಹಾಡಿನ ಹುಚ್ಚು. ಅವನು ಚೆನ್ನಾಗಿ ಹಾಡುತ್ತಾನೆ ಎಂಬುದೇ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ.

ಚಿತ್ರದ ತುಣುಕುಗಳು ಸಂಕಲನಕಾರ ಮಾರಿಯೊ ಸೆರಾಂದ್ರೇಯಿಯ ಕೈಗೆ ಹೋದಾಗ, ಇದಕ್ಕೆ 'ನವವಾಸ್ತವವಾದಿ' ಎಂಬ ಮಾತಲ್ಲದೆ ಬೇರೆ ಹೊಂದುವುದಿಲ್ಲ ಎಂದು ಅವನು ಪತ್ರ ಬರೆದನೆಂದು ವಿಸ್ಕೊಂಟಿ ಮುಂದೆ ನೆನಪಿಸಿಕೊಂಡಿದ್ದಾನೆ. ಅಷ್ಟರಲ್ಲಿ ಚಿತ್ರಕತೆಯ ತಂಡ ಚದುರಿತ್ತು. 1942 ಮುಗಿಯುವುದರೊಳಗೆ ಅಲಿಕಾತಾ ಜೈಲಿನಲ್ಲಿದ್ದ. ರೋಮಿನ ಪ್ರದರ್ಶನದಲ್ಲಿ ವಿತ್ತೋರಿಯೊ ಮುಸೊಲಿನಿ 'ಇದು ಇಟಲಿಯಲ್ಲ' ಎಂದು ಎದ್ದುಹೋದನಂತೆ. ಆ ಮಾತಿನಲ್ಲಿ ವಿಮರ್ಶೆ ಎಲ್ಲಿ ಮುಟ್ಟಬೇಕೋ ಅಲ್ಲೇ ಮುಟ್ಟಿದೆ. ಹಂಗೇರಿಯಾಗಿದ್ದರೆ ಅವನು ಕೂತು ನೋಡುತ್ತಿದ್ದ. ಮತ್ತೊಂದು ಊರಿನಲ್ಲಿ ಚಿತ್ರ ಪ್ರದರ್ಶನವಾದ ಮೇಲೆ ಪಾದ್ರಿಗಳು ಬಂದು ಚಿತ್ರಮಂದಿರಕ್ಕೆ ತೀರ್ಥ ಸಿಂಪಡಿಸಿ ಶುದ್ಧಿ ಮಾಡಿದರೆಂಬ ಕತೆ ಇದೆ. ನಿಜವೋ ಸುಳ್ಳೋ, ಕೇಳಲು ಚೆನ್ನಾಗಿದೆ. ಯುದ್ಧದ ಗೊಂದಲದಲ್ಲಿ ಮೂಲ ನೆಗೆಟಿವ್ ನಾಶವಾಯಿತು. ವಿಸ್ಕೊಂಟಿ ತನ್ನ ಬಳಿ ಇಟ್ಟುಕೊಂಡಿದ್ದ ನಕಲು ಪ್ರತಿಯಿಂದ ಚಿತ್ರ ಉಳಿಯಿತು.

ಅವನೂ ಕಷ್ಟದಿಂದ ಉಳಿದವನೇ. 1944ರಲ್ಲಿ ರೋಮಿನಲ್ಲಿ ಪಿಯೆತ್ರೊ ಕೊಖ್ ಎಂಬ ಫ್ಯಾಸಿಸ್ಟ್ ಪೊಲೀಸ್ ಮುಖಂಡನ ಗುಂಪು ಅವನನ್ನು ಹಿಡಿದು ಕೂಡಿಹಾಕಿತ್ತು. ಮರುವರ್ಷ ಅದೇ ಕೊಖ್‌ಗೆ ಮರಣದಂಡನೆಯಾಯಿತು. ಆ ದೃಶ್ಯವನ್ನು ಒಂದು ಸಾಕ್ಷ್ಯಚಿತ್ರಕ್ಕಾಗಿ ಚಿತ್ರೀಕರಿಸಿದವನು ವಿಸ್ಕೊಂಟಿ, ಆ ಸಾಕ್ಷ್ಯಚಿತ್ರವನ್ನು ಹೊಂದಿಸಿದವರಲ್ಲಿ ಸೆರಾಂದ್ರೇಯಿಯೂ ಒಬ್ಬ. ಕೊಲೆಯನ್ನು ಕತ್ತರಿಸಿ ತೆಗೆದಿದ್ದ ಜೋಡಿ ಈ ಸಾವನ್ನು ಕತ್ತರಿಸಲಿಲ್ಲ.

1948ರಲ್ಲಿ ವಿಸ್ಕೊಂಟಿ ವೆರ್ಗಾನ ಬಳಿಗೆ ಮರಳಿದ. 'ಲಾ ತೆರಾ ತ್ರೇಮಾ' ಸಿಸಿಲಿಯ ಆಚಿ ತ್ರೆಜ್ಜಾ ಎಂಬ ಹಳ್ಳಿಯಲ್ಲಿ, ಅಲ್ಲಿನ ಮೀನುಗಾರರನ್ನೇ ನಟರಾಗಿಟ್ಟುಕೊಂಡು, ಅವರ ಆಡುನುಡಿಯಲ್ಲೇ ತಯಾರಾಯಿತು. ಆ ನುಡಿ ಉಳಿದ ಇಟಲಿಗೆ ಅರ್ಥವಾಗದೆ ನಿರೂಪಕನ ದನಿ ಸೇರಿಸಬೇಕಾಯಿತು. ಸೂತ್ರದ ಪ್ರಕಾರ ನೋಡಿದರೆ ಅಪ್ಪಟ ವಾಸ್ತವವಾದ ಅದು. ನನಗೆ ಅಲ್ಲಿ ಒಂದೊಂದು ಚೌಕಟ್ಟೂ ತೂಗುಹಾಕಬಹುದಾದ ಚಿತ್ರಪಟದಂತೆ ಕಾಣುತ್ತದೆ. ಬಂಡೆಗಳ ಮೇಲೆ ಕರಿಶಾಲು ಹೊದ್ದು ಗಂಡಸರಿಗಾಗಿ ಕಾಯುವ ಹೆಂಗಸರು ಶಿಲ್ಪಗಳಂತೆ ನಿಂತಿದ್ದಾರೆ. ಶಿಲ್ಪಗಳು ಬೆವರುವುದಿಲ್ಲ.

ನಮ್ಮ ದೇಶಕ್ಕೆ ಈ ವಾಸ್ತವವಾದ ಬಂದದ್ದು 1952ರ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಜೊತೆ, 'ಬೈಸಿಕಲ್ ಥೀವ್ಸ್' ಮತ್ತು ರೊಸೆಲ್ಲಿನಿಯ ಚಿತ್ರದ ರೂಪದಲ್ಲಿ. ಬಡವನ ಕಳೆದುಹೋದ ಸೈಕಲ್ಲೇ ವಾಸ್ತವವಾದದ ಲಾಂಛನವಾಗಿ ನಮ್ಮ ತಲೆಯಲ್ಲಿ ಕೂತಿತು. ಆದರೆ ಕನ್ನಡದ ಹೊಸ ಅಲೆ ಶುರುವಾದದ್ದು ಸೈಕಲ್ಲಿನಿಂದಲ್ಲ. 1970ರ 'ಸಂಸ್ಕಾರ'ದಲ್ಲಿ ಮೊದಲು ನಮಗೆ ಎದುರಾಗುವುದು ಅಗ್ರಹಾರದ ನಡುವೆ ದಹನವಾಗದೆ ಕೊಳೆಯುವ ಹೆಣ, ಆಮೇಲೆ ಕಾಡಿನ ಕತ್ತಲಲ್ಲಿ ಆಚಾರ್ಯರಿಗೆ ಎದುರಾಗುವ ಚಂದ್ರಿ. ಮದ್ರಾಸಿನ ಸೆನ್ಸಾರಿನವರು ಅದನ್ನೂ ತಡೆದಿದ್ದರು. ವಿಸ್ಕೊಂಟಿಯಿಂದ ಇಲ್ಲಿಗೆ ಪ್ರಭಾವದ ಗೆರೆ ಎಳೆಯುವ ಉತ್ಸಾಹ ನನಗಿಲ್ಲ. ಅಲ್ಲೂ ಇಲ್ಲೂ ಗದ್ದಲವೆದ್ದದ್ದು ಬಯಕೆಗೂ ಹೆಣಕ್ಕೂ ಗುರುತು ಸಿಗುವ ಅಂಗಳವೊಂದನ್ನು ಕೊಟ್ಟಾಗ ಎಂದಷ್ಟೇ ಹೇಳಬಲ್ಲೆ.

ಕೇನ್‌ನ ಹಕ್ಕುಗಳ ತಕರಾರಿನಿಂದಾಗಿ 'ಒಸ್ಸೆಸ್ಸಿಯೊನೆ' ದಶಕಗಳ ಕಾಲ ಅಮೆರಿಕದಲ್ಲಿ ತೆರೆ ಕಾಣಲಿಲ್ಲ. ಹಾಲಿವುಡ್ 1946ರಲ್ಲಿ ಲಾನಾ ಟರ್ನರ್‌ಗೆ ಬಿಳಿಯ ಉಡುಪು ತೊಡಿಸಿ ಅದೇ ಕತೆಯನ್ನು ತೆಗೆಯಿತು. ಆ ಖಾನಾವಳಿಯಲ್ಲಿ ಯಾರೂ ಪಾತ್ರೆ ತೊಳೆದಂತೆ ಕಾಣುವುದಿಲ್ಲ. ಈಗ ಎರಡೂ ಸುಲಭವಾಗಿ ಸಿಗುತ್ತವೆ. ಹೋಲಿಸಿ ನೋಡುವ ಹುಮ್ಮಸ್ಸಿದ್ದರೆ ಹಾಲಿವುಡ್ಡಿನದನ್ನು ಬಿಟ್ಟು ಮೊದಲು 'ತೊನಿ' ನೋಡಿ, ಆಮೇಲೆ ಇದನ್ನು. ಇನ್ನೂ ಹೊತ್ತು ಉಳಿದರೆ ಇಟಲಿಯ ಮತ್ತೊಬ್ಬ ನಿರ್ದೇಶಕ ಆಂತೊನಿಯೋನಿಯ ಮೊದಲ ಕಿರುಚಿತ್ರ 'ಜೆಂತೆ ದೆಲ್ ಪೊ' ಇದೆ. ಫೆರಾರಾದ ಹುಡುಗನಾದ ಅವನೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅದೇ ನದಿಯ ಮೇಲೆ, ದೋಣಿ ಜನರ ಬದುಕನ್ನು ಚಿತ್ರೀಕರಿಸುತ್ತಿದ್ದ. ಯುದ್ಧದಲ್ಲಿ ಅವನ ರೀಲುಗಳ ಬಹುಪಾಲು ಹಾಳಾಯಿತು. ಉಳಿದ ಸುಮಾರು ಹತ್ತು ನಿಮಿಷಗಳನ್ನು ಜೋಡಿಸಿ 1947ರಲ್ಲಿ ಹೊರತಂದ. ಅದರಲ್ಲಿ ಕೊಲೆಯಿಲ್ಲ, ಪ್ರೇಮವಿಲ್ಲ, ಕಾಯಿಲೆಬಿದ್ದ ಮಗುವೊಂದಿದೆ, ಔಷಧ ತರಲು ಹೋಗುವ ತಾಯಿ ಇದ್ದಾಳೆ.